ಎರವಲು ಷೇರಿನ ಬೋರಣ್ಣ

ಬೋರಣ್ಣ ಯಾವ ವಸ್ತುವನ್ನೂ ಬರಿಯ ಕಣ್ಣಿನಿಂದ ನಂಬಿದವರಲ್ಲ. ಬಲಗೈಯ ನಡುಬೆರಳು ಮಡಚಿ, ಗೆಣ್ಣಿನಿಂದ ಎರಡು ಸಲ ಕುಟ್ಟಿ, ತಲೆ ವಾರೆ ಮಾಡಿ ಕೇಳಿಸಿಕೊಳ್ಳುತ್ತಿದ್ದರು. ತೆಂಗಿನಕಾಯಿಗೆ ಎಲ್ಲರೂ ಹಾಗೆ ಮಾಡುತ್ತಾರೆ. ಇವರು ಬಾಗಿಲಿಗೆ, ಗೋಡೆಗೆ, ಕಬ್ಬಿನ ಜಲ್ಲೆಗೆ, ಒಮ್ಮೆ ನಮ್ಮ ಆಫೀಸಿನ ಓನರ್ ಹೊಸದಾಗಿ ತಂದ ಮೇಜಿಗೂ ಮಾಡಿದರು. "ಮೇಲೆ ತೇಗ, ಒಳಗೆ ಪುಡಿ," ಎಂದು ಹೇಳಿ ಬೆಂಚಿನ ತುದಿಗೆ ಹೋಗಿ ಕೂತರು. ಓನರ್ ಆ ಮೇಜಿಗೆ ಅಪ್ಪಟ ತೇಗದ ಬೆಲೆ ಕೊಟ್ಟಿದ್ದರು. ಆ ದಿನವೆಲ್ಲ ಅವರು ಬೋರಣ್ಣನ ಜೊತೆ ಮಾತಾಡಲಿಲ್ಲ.

ನಾನು ಆಗ ಮಂಡ್ಯದಲ್ಲಿ ಒಂದು ಔಷಧಿ ಅಂಗಡಿಯ ಮೇಲಿದ್ದ ಷೇರು ಆಫೀಸಿನಲ್ಲಿ ಕೆಲಸಕ್ಕಿದ್ದೆ. ಬಂದವರು ಯಾವ ಕಂಪನಿಯ ಷೇರು, ಎಷ್ಟು, ಏನು ಬೆಲೆ ಎಂದು ಹೇಳಬೇಕು, ನಾನು ಅದನ್ನು ಕಂಪ್ಯೂಟರಿಗೆ ಒತ್ತಬೇಕು. ಬೆಳಿಗ್ಗೆ ಒಂಬತ್ತೂಕಾಲಿನಿಂದ ಮಧ್ಯಾಹ್ನ ಮೂರೂವರೆಯ ತನಕ ಪರದೆಯ ಮೇಲೆ ಕೆಂಪು ಹಸಿರು ಅಂಕಿಗಳು ಮಿಣುಕುತ್ತಲೇ ಇರುತ್ತಿದ್ದವು. ಮನೆಗೆ ಹೋಗಿ ಕಣ್ಣು ಮುಚ್ಚಿದರೂ ಅವು ಒಳಗೆ ಓಡುತ್ತಿದ್ದವು. ಬೆಂಚಿನ ಮೇಲೆ ಆರೇಳು ಜನ ಕಾಯಂ. ರಿಟೈರಾದ ಗುಮಾಸ್ತರು, ಮೇಷ್ಟ್ರುಗಳು, ಗದ್ದೆಯ ಕೆಲಸ ಮುಗಿಸಿ ಬಂದ ಒಬ್ಬಿಬ್ಬರು. ಎಲ್ಲರೂ ಕೊಳ್ಳುವವರು. ಎಲ್ಲರಿಗೂ ಏರಬೇಕು.

ಬೋರಣ್ಣನಿಗೆ ಮಾತ್ರ ಇಳಿಯಬೇಕಿತ್ತು.

ಅವರು ಮದ್ದೂರು ತಾಲ್ಲೂಕಿನ ಕೊಪ್ಪದವರು. ಭತ್ತ ಕಬ್ಬಿನ ಸಂಶೋಧನೆ ನಡೆಸುವ ವಿ.ಸಿ. ಫಾರಂನಲ್ಲಿ ಮೂವತ್ತು ವರ್ಷ ಫೀಲ್ಡ್ ಕೆಲಸ ಮಾಡಿ ರಿಟೈರಾಗಿದ್ದರು. ಹೊಸ ತಳಿಯ ಭತ್ತ ಬೆಳೆದ ತಾಕಿನಲ್ಲಿ ಅಳತೆ ಹಾಕಿ ಕೊಯ್ದು, ಬಡಿದು, ತೂಗಿ, ಇಷ್ಟು ಬಂತು ಎಂದು ಬರೆಯುವುದು ಅವರ ಕೆಲಸ. ಒಂದು ಸಲ ಮೇಲಿನವರೊಬ್ಬರು, ಎರಡು ಕೇಜಿ ಜಾಸ್ತಿ ಬರೆದರೆ ನಿನ್ನ ಗಂಟೇನು ಹೋಗುತ್ತದೆ ಎಂದರಂತೆ. ಇವರು ಬರೆಯಲಿಲ್ಲ. ಎರಡು ವರ್ಷ ಗೊಬ್ಬರದ ಗೋಡೌನಿನಲ್ಲಿ ಮೂಟೆ ಎಣಿಸಿಕೊಂಡಿದ್ದರು. ಈ ಕಥೆಯನ್ನು ಅವರು ಹೆಮ್ಮೆಯಿಂದ ಹೇಳುತ್ತಿರಲಿಲ್ಲ. ಗೋಡೌನಿನ ಧೂಳಿನಿಂದ ಹಿಡಿದ ಕೆಮ್ಮು ಇನ್ನೂ ಬಿಟ್ಟಿಲ್ಲ ಎನ್ನುವುದಕ್ಕೆ ಹೇಳುತ್ತಿದ್ದರು.

ಷ ಎನ್ನುವ ಅಕ್ಷರ ಅವರ ಬಾಯಲ್ಲಿ ಬರುತ್ತಿರಲಿಲ್ಲ. ಷೇರು ಅವರಿಗೆ ಸೇರು. ಮೊದಲನೇ ದಿನ ಬಂದು ನಿಂತು, "ನನ್ನತ್ರ ಇಲ್ದೇ ಇರೋ ಸೇರ ಮಾರಕ್ಕೆ ಆಯ್ತದಾ ಕಣಮ್ಮ?" ಎಂದು ಕೇಳಿದಾಗ ಬೆಂಚಿಗೆ ಬೆಂಚೇ ನಕ್ಕಿತು. ಆಗುತ್ತದೆ ಅಂದೆ. ಬೆಳಿಗ್ಗೆ ಮಾರಿ ಸಂಜೆಯೊಳಗೆ ಕೊಂಡು ಲೆಕ್ಕ ಮುಗಿಸಬೇಕು, ಇಳಿದರೆ ಲಾಭ, ಏರಿದರೆ ನಷ್ಟ. ಅವರು ತಲೆ ಆಡಿಸಿದರು. ಒಂದು ದಿನದಲ್ಲಿ ಯಾವುದೂ ಬೀಳುವುದಿಲ್ಲ, ಬೀಳುವುದಕ್ಕೆ ಟೈಮು ಬೇಕು ಎಂದರು. ಹಾಗಿದ್ದರೆ ಇನ್ನೊಬ್ಬರ ಷೇರನ್ನು ಕೆಲವು ತಿಂಗಳಿಗೆ ಎರವಲು ತರಬೇಕಾಗುತ್ತದೆ, ಬಾಡಿಗೆ ಕೊಡಬೇಕು, ಷೇರಿನ ಬೆಲೆಗಿಂತ ಹೆಚ್ಚೇ ಡಿಪಾಸಿಟ್ ಇಡಬೇಕು ಎಂದು ಓನರ್ ಹೇಳಿದರು. ನಮ್ಮ ಆಫೀಸಿನಲ್ಲಿ ಅದುವರೆಗೆ ಯಾರೂ ಅದನ್ನು ಕೇಳಿರಲಿಲ್ಲ. ನಾನೂ ಕೈಪಿಡಿ ನೋಡಿ ಕಲಿತೆ.

ಅವರ ಕಣ್ಣಿದ್ದದ್ದು ಪಂಪ್‌ಸೆಟ್ ತಯಾರಿಸುವ ಒಂದು ಕಂಪನಿಯ ಮೇಲೆ. ನಮ್ಮ ಕಡೆಯ ಗದ್ದೆಗಳಲ್ಲೆಲ್ಲ ಒಂದು ಕಾಲಕ್ಕೆ ಅದರದ್ದೇ ಪಂಪು. ಫಾರಂನಲ್ಲಿದ್ದಾಗ ಅದರ ಹಳೆಯ ಮೋಟರು ಹದಿನೆಂಟು ವರ್ಷ ಓಡಿದ್ದನ್ನೂ, ಹೊಸದು ಎರಡನೇ ಬೇಸಿಗೆಗೇ ಸುಟ್ಟುಹೋದದ್ದನ್ನೂ ಅವರು ನೋಡಿದ್ದರು. ಅಷ್ಟಕ್ಕೇ ನಂಬಲಿಲ್ಲ. ಒಂದು ಭಾನುವಾರ ನಾನು ಮದ್ದೂರಿಗೆ ಅತ್ತಿಗೆಯ ಮನೆಗೆ ಹೋಗಿದ್ದೆ. ಪೇಟೆ ಬೀದಿಯ ಪಂಪಿನ ಅಂಗಡಿಯ ಹಿಂದುಗಡೆ ಯಾರೋ ಬಗ್ಗಿಕೊಂಡು ರಟ್ಟಿನ ಡಬ್ಬಗಳನ್ನು ಕುಟ್ಟುತ್ತಿದ್ದರು. ನೋಡಿದರೆ ಬೋರಣ್ಣ. ಕೈಯಲ್ಲಿ ಮೊಮ್ಮಗಳ ಹಳೇ ನೋಟುಪುಸ್ತಕ. ನಿಡಘಟ್ಟ, ಮದ್ದೂರು, ಕೊಪ್ಪ, ಮಳವಳ್ಳಿ, ಎಲ್ಲ ಕಡೆಯ ಅಂಗಡಿಗಳಲ್ಲೂ ಮಾರಾಟವಾಗದೆ ಕೂತ ಪಂಪುಗಳನ್ನು ಎಣಿಸಿ ಬರೆದಿದ್ದರು. ಬಸ್ಸಿನಲ್ಲೇ ಓಡಾಡಿ, ನೀರು ಕುಡಿಯುವ ನೆಪದಲ್ಲಿ, ರೇಟು ಕೇಳುವ ನೆಪದಲ್ಲಿ.

"ಕಂಪನಿಯೋರು ಅಂಗಡಿಗೆ ತಂದಾಕಿ ಮಾರಾಟ ಆಯ್ತು ಅಂತ ಬರ್ಕೊಂಡವ್ರೆ," ಎಂದರು. "ಅಂಗಡಿಯೋನು ಇನ್ನೂ ಒಂದು ಪೈಸೆ ಕೊಟ್ಟಿಲ್ಲ. ಯಾರೂ ಕೊಂಡೂ ಇಲ್ಲ. ಧೂಳು ನೋಡು."

ಆ ವಾರವೇ ಆರು ತಿಂಗಳಿಗೆ ಸಾವಿರ ಷೇರು ಎರವಲು ಬೇಕೆಂದು ಹಾಕಿಸಿದರು. ಮೂರು ದಿನ ಕೊಡುವವರೇ ಇರಲಿಲ್ಲ. ನಾಲ್ಕನೇ ದಿನ ಮಳವಳ್ಳಿಯಿಂದ ವಿಶಾಲಾಕ್ಷಿ ಟೀಚರ್ ಫೋನು ಮಾಡಿದರು. ಅವರ ಗಂಡ ಅದೇ ಪಂಪು ಕಂಪನಿಯಲ್ಲಿದ್ದು ತೀರಿಕೊಂಡವರು, ಅವರ ಕಾಲದ ಷೇರುಗಳು ಟೀಚರ್ ಹೆಸರಿನಲ್ಲಿ ನಮ್ಮಲ್ಲೇ ಇದ್ದವು. ಸುಮ್ಮನೆ ಬಿದ್ದಿರುವ ಷೇರಿಗೆ ಬಾಡಿಗೆ ಬರುತ್ತದೆಂದು ಓನರ್ ಹಿಂದೊಮ್ಮೆ ಅವರಿಗೆ ಹೇಳಿದ್ದರಂತೆ. ಸಾವಿರ ಷೇರು ಕೊಡುತ್ತೇನೆ, ಹಾಕಮ್ಮ ಎಂದರು. ಹಾಕಿದೆ. ಕೊಡುವವರ ಹೆಸರು ತೆಗೆದುಕೊಳ್ಳುವವರಿಗೆ ಗೊತ್ತಾಗಬಾರದು, ಇವರ ಹೆಸರು ಅವರಿಗೆ ಗೊತ್ತಾಗಬಾರದು, ಅದು ನಿಯಮ. ಆದರೆ ಆ ಹೊತ್ತು ಪರದೆಯ ಮೇಲೆ ಇದ್ದದ್ದು ಎರಡೇ ಸಾಲು, ಎರಡನ್ನೂ ಒತ್ತಿದ್ದು ನಾನು. ಯಾರದ್ದು ಯಾರಿಗೆ ಹೋಯಿತೆಂದು ನನಗೆ ಗೊತ್ತಿತ್ತು. ಬಾಯಿ ಬಿಡಲಿಲ್ಲ.

ಬೋರಣ್ಣ ಆ ಸಾವಿರವನ್ನು ಮುನ್ನೂರ ಹತ್ತು ರೂಪಾಯಿಯಂತೆ ಮಾರಿ ಕಾಯುತ್ತಾ ಕೂತರು. ಡಿಪಾಸಿಟ್ ಇಟ್ಟದ್ದು ರಿಟೈರಾದಾಗ ಬಂದ ಹಣದಲ್ಲಿ. ಲಾಭ ಬಂದರೆ ಕೊಟ್ಟಿಗೆಗೆ ಶೀಟು ಹಾಕಿಸುತ್ತೇನೆ ಎಂದು ಹೆಂಡತಿ ಜಯಮ್ಮನಿಗೆ ಹೇಳಿದ್ದರಂತೆ. ಬೆಳಿಗ್ಗೆ ಡೈರಿಗೆ ಹಾಲು ಹಾಕಿ ಬಸ್ಸು ಹತ್ತಿ ಬಂದರೆ ಮೂರೂವರೆಯ ತನಕ ಏಳುತ್ತಿರಲಿಲ್ಲ. ಬೆಂಚಿನವರು ರೇಗಿಸುತ್ತಿದ್ದರು. ಲೈನ್‌ಮನ್ ಆಗಿದ್ದ ಪುಟ್ಟರಾಜು ಅವರ ವಾರಿಗೆಯವನು. "ಊರೆಲ್ಲ ಬೆಳೀಲಿ ಅಂದ್ರೆ ನೀನೊಬ್ಬ ಬೀಳ್ಲಿ ಅಂತೀಯಲ್ಲಾ, ಯಾವ ಬಾಯಿ ಕಣ್ಲಾ ನಿಂದು?" ಎನ್ನುತ್ತಿದ್ದ.

"ನಾನು ಬೀಳ್ಲಿ ಅನ್ನಲ್ಲ ಕಣ್ಲಾ. ಬೀಳ್ತದೆ ಅಂತೀನಿ."

ಎರಡರ ನಡುವಿನ ವ್ಯತ್ಯಾಸವನ್ನು ಅವರು ಜೀವಮಾನವಿಡೀ ವಿವರಿಸಿ ಸೋತಿದ್ದರು ಅನಿಸುತ್ತದೆ. ಅದನ್ನು ಹೇಳುವಾಗ ದನಿಯಲ್ಲಿ ಜಗಳ ಇರುತ್ತಿರಲಿಲ್ಲ.

ಬೀಳಲಿಲ್ಲ. ಐದನೇ ತಿಂಗಳಲ್ಲಿ ಕಂಪನಿ ಡಿವಿಡೆಂಡ್ ಘೋಷಿಸಿತು, ಷೇರೊಂದಕ್ಕೆ ಮೂವತ್ತು ರೂಪಾಯಿ. ಅದುವರೆಗೆ ವರ್ಷಕ್ಕೆ ನಾಲ್ಕೋ ಐದೋ ಕೊಡುತ್ತಿದ್ದ ಕಂಪನಿ. ಬೆಂಚಿನವರೆಲ್ಲ, ಇಷ್ಟು ಹಂಚಬೇಕಾದರೆ ಎಷ್ಟು ಗಂಟಿರಬೇಡ ಎಂದುಕೊಂಡು ಕೊಂಡರು. ಬೆಲೆ ಮುನ್ನೂರ ಎಂಬತ್ತಕ್ಕೆ ಹೋಯಿತು. ಜಾಗ ಮಾರಿ, ಬ್ಯಾಂಕಿನಲ್ಲಿ ಸಾಲ ಎತ್ತಿ ಹಂಚುತ್ತಿದ್ದಾರೆ, ಪೇಪರಿನಲ್ಲೇ ಸಣ್ಣಕ್ಷರದಲ್ಲಿದೆ ಎಂದು ಬೋರಣ್ಣ ಹೇಳಿದರು. ಯಾರಿಗೂ ಸಣ್ಣಕ್ಷರ ಓದುವ ಪುರುಸೊತ್ತು ಇರಲಿಲ್ಲ.

ಷೇರು ಯಾರ ಹೆಸರಿನಲ್ಲಿದೆ, ಡಿವಿಡೆಂಡ್ ಯಾರಿಗೆ ಎಂದು ಲೆಕ್ಕ ಹಿಡಿಯುವ ದಿನ ಬಂತು. ಆ ಬೆಳಿಗ್ಗೆ ಮಾರುಕಟ್ಟೆ ತೆರೆದಾಗ ಷೇರು ಸರಿಯಾಗಿ ಮೂವತ್ತು ರೂಪಾಯಿ ಕೆಳಗೆ ತೆರೆಯಿತು. ಐದು ತಿಂಗಳಲ್ಲಿ ಮೊದಲ ಸಲ ಅಷ್ಟು ಕೆಂಪು. ನನಗೆ ಖುಷಿಯಾಗಿ, ಇಳಿಯಿತಲ್ಲ ಬೋರಣ್ಣ, ಮೂವತ್ತು ಸಾವಿರ ನಿಮ್ಮ ಕಡೆಗೆ ಬಂತು ಎಂದೆ. ಅವರು ಮಜ್ಜಿಗೆಯ ಬಾಟಲಿಯ ಮುಚ್ಚಳ ತಿರುಗಿಸುತ್ತಾ ಕೂತಿದ್ದರು.

"ಅದು ಇಳಿದಿದ್ದಲ್ಲ ಕಣಮ್ಮ. ಕಂಪನಿ ಜೇಬಿಂದ ಮೂವತ್ತು ಆಚೆಗೋಯ್ತು, ಅಸ್ಟು ತೂಕ ಕಮ್ಮಿ ಆಯ್ತು. ಸಂಜೆ ಒಳಗೆ ಅದನ್ನ ನನ್ನತ್ರನೇ ಕೇಳ್ತಾರೆ, ನೋಡ್ತಿರು."

ಹಾಗೇ ಆಯಿತು. ಎರವಲು ತಂದವರ ಖಾತೆಯಿಂದ ಷೇರೊಂದಕ್ಕೆ ಮೂವತ್ತರಂತೆ ಕಟ್ಟಬೇಕೆಂದು ಸಂದೇಶ ಬಂತು. ಅವರ ಕಡೆಗೆ ಬಂದಂತೆ ಕಂಡ ಮೂವತ್ತು ಸಾವಿರವನ್ನು ನಾನೇ ಅವರ ಹೆಸರಿನಿಂದ ಕಳೆದೆ. ಲೆಕ್ಕದ ಪ್ರಕಾರ ಅದರಲ್ಲಿ ಲಾಭವೂ ಇಲ್ಲ, ನಷ್ಟವೂ ಇಲ್ಲ. ಬೆಲೆ ಇಳಿದಲ್ಲೇ ನಿಂತಿದ್ದರೆ. ಆದರೆ ಮುನ್ನೂರ ಐವತ್ತಕ್ಕೆ ಇಳಿದ ಷೇರು ನಾಲ್ಕು ದಿನದಲ್ಲಿ ಮುನ್ನೂರ ಅರವತ್ತೈದಕ್ಕೆ ಹತ್ತಿತು. ಕಟ್ಟಿದ ದುಡ್ಡು ಕಟ್ಟಿದ್ದಾಗಿಯೇ ಹೋಯಿತು. ಬೋರಣ್ಣ ಯಾರನ್ನೂ ಬಯ್ಯಲಿಲ್ಲ. ಆ ವಾರ ಮಾತ್ರ ಮಧ್ಯಾಹ್ನ ಬೆಂಚಿನ ಮೇಲೆ ಕೂತಲ್ಲೇ ನಿದ್ದೆ ಹೋಗುತ್ತಿದ್ದರು. ಪುಟ್ಟರಾಜು ಕೂಡ ರೇಗಿಸುವುದನ್ನು ಬಿಟ್ಟ.

ಮುಂದಿನ ವಾರ ವಿಶಾಲಾಕ್ಷಿ ಟೀಚರ್ ಖುದ್ದು ಬಂದರು. ಮಾಸಿದ ಕಾಟನ್ ಸೀರೆ, ಕಂಕುಳಲ್ಲಿ ಫೈಲು, ಮಳವಳ್ಳಿಯ ಬಸ್ಸಿನಲ್ಲಿ ನಿಂತುಕೊಂಡೇ ಬಂದಿದ್ದರು. ಬೋರಣ್ಣ ಎದ್ದು ಜಾಗ ಬಿಟ್ಟುಕೊಟ್ಟರು. ಟೀಚರ್ ಫೈಲು ಬಿಚ್ಚಿ ನನ್ನ ಮುಂದೆ ಇಟ್ಟರು.

"ನೋಡಮ್ಮ, ಕಂಪನಿಗೆ ಫೋನು ಮಾಡಿದ್ದೆ. ಆ ದಿನ ನಿಮ್ಮ ಹೆಸರು ನಮ್ಮ ಪಟ್ಟಿಯಲ್ಲಿ ಇಲ್ಲ, ನಿಮಗೆ ನಾವು ಡಿವಿಡೆಂಡ್ ಕಳಿಸಿಲ್ಲ ಅಂದರು. ಆದರೆ ನಿಮ್ಮ ಆಫೀಸಿನ ಲೆಕ್ಕದಲ್ಲಿ ಮೂವತ್ತು ಸಾವಿರ ಬಂದಿದೆ. ಕಂಪನಿ ಕೊಡದಿದ್ದ ಮೇಲೆ ಇದು ಯಾರ ದುಡ್ಡು? ತಪ್ಪಿ ಬಂದಿದ್ದರೆ ವಾಪಸು ಮಾಡಿಬಿಡೋಣ."

ಸಾವಿರ ಷೇರು, ಪಂಪಿನ ಕಂಪನಿ, ಮೂವತ್ತು ಸಾವಿರ. ಬೋರಣ್ಣ ಗೋಡೆಗೊರಗಿ ನಿಂತಿದ್ದರು, ಒಂದು ಮಾತೂ ತಪ್ಪದೆ ಕೇಳಿಸಿಕೊಂಡಿದ್ದರು. ನನ್ನ ಮುಖ ನೋಡಿದರು. ತಾವು ಎರವಲು ತಂದದ್ದು ಯಾರ ಷೇರೆಂದು ಅಷ್ಟರಲ್ಲೇ ಅವರಿಗೆ ತಿಳಿದುಹೋಯಿತು.

"ತಪ್ಪಿ ಬಂದಿಲ್ಲ ಟೀಚರಮ್ಮ, ಮಡಿಕ್ಕಳಿ," ಎಂದು ಅವರೇ ಶುರು ಮಾಡಿದರು. "ನೀವು ನಿಮ್ಮ ಎಮ್ಮೆನ ಒಬ್ಬನಿಗೆ ಆರು ತಿಂಗಳಿಗೆ ಅಂತ ಕೊಟ್ರಿ ಅಂತ ಇಟ್ಕಳಿ. ಅವನು ಅದ ಸಂತೇಲಿ ಮಾರ್ಬುಟ್ಟ. ರೇಟು ಇಳಿದ್ಮೇಲೆ ಅಂತದ್ದೇ ಇನ್ನೊಂದ ತಂದು ನಿಮ್ಮ ಕೊಟ್ಟಿಗೆಗೆ ಕಟ್ಟೋಣ ಅಂತ. ಅಸ್ಟ್ರಲ್ಲಿ ಎಮ್ಮೆ ಕರ ಆಕ್ತು. ಕರ ಈಗ ಕೊಂಡೋನ ಮನೇಲೈತೆ. ಆದ್ರೂ ಎಮ್ಮೆ ನಿಮ್ದು, ಕರನೂ ನಿಮಗೆ ಬರ್ಬೇಕು. ಎಲ್ಲಿಂದ ತಂದಾನು? ತನ್ನ ದುಡ್ಡಲ್ಲಿ ಇನ್ನೊಂದು ಕರ ತಂದು ಕೊಟ್ಟವ್ನೆ. ಅದೇ ಇದು."

ಟೀಚರ್ ಫೈಲು ಮಡಚಿದರು. ಹಾಗಾದರೆ ಆ ಮನುಷ್ಯನಿಗೆ ಸುಮ್ಮನೆ ನಷ್ಟವಾಯಿತಲ್ಲ ಎಂದರು. ಎರವಲು ತರುವ ದಿನವೇ ಅವನಿಗೆ ಇದು ಗೊತ್ತಿರುತ್ತದೆ, ಗೊತ್ತಿದ್ದೇ ತಂದವನು ಎಂದರು ಬೋರಣ್ಣ. ಬಾಡಿಗೆಯ ಅವಧಿ ಬರುವ ಗುರುವಾರ ಮುಗಿಯುತ್ತದೆ, ಮತ್ತೆ ಆರು ತಿಂಗಳಿಗೆ ಕೊಡಲೇ ಎಂದು ಟೀಚರ್ ನನ್ನನ್ನು ಕೇಳಿದರು.

ಅದು ಎಂಥ ಪ್ರಶ್ನೆ ಎಂದು ಆ ಕೋಣೆಯಲ್ಲಿ ಇಬ್ಬರಿಗೆ ಮಾತ್ರ ಗೊತ್ತಿತ್ತು. ಆ ಷೇರನ್ನು ಎರವಲು ಕೊಡುವವರು ಬೇರೆ ಯಾರೂ ಇರಲಿಲ್ಲ. ಟೀಚರ್ ಮತ್ತೆ ಕೊಟ್ಟರೆ ಬೋರಣ್ಣ ಇನ್ನೂ ಆರು ತಿಂಗಳು ಕಾಯಬಹುದು. ಕೊಡದಿದ್ದರೆ ಗುರುವಾರದೊಳಗೆ ಮುನ್ನೂರ ಅರವತ್ತೈದು ಕೊಟ್ಟು ಸಾವಿರ ಷೇರು ಕೊಂಡು ಒಪ್ಪಿಸಬೇಕು, ಆರು ತಿಂಗಳು ಕಾದದ್ದೆಲ್ಲ ಅಲ್ಲಿಗೆ ಮುಗಿಯಿತು. ಕೊಡಿ ಎಂದು ನಾನು ಹೇಳಬಹುದಿತ್ತು, ಆಫೀಸಿಗೂ ಕಮಿಷನ್ ಬರುತ್ತಿತ್ತು.

"ಕೊಡ್ಬ್ಯಾಡಿ," ಎಂದರು ಬೋರಣ್ಣ. "ಕೈಗೆ ಬಂದೇಟ್ಗೆ ಮಾರ್ಬುಡಿ. ಆ ಕಂಪನೀಲಿ ಏನೂ ಉಳಿದಿಲ್ಲ."

ಟೀಚರಿಗೆ ಕೋಪ ಬಂತು. ನಮ್ಮ ಯಜಮಾನರು ಇಪ್ಪತ್ತಾರು ವರ್ಷ ದುಡಿದ ಕಂಪನಿ, ಇದೀಗ ತಾನೇ ಇಷ್ಟು ಡಿವಿಡೆಂಡ್ ಕೊಟ್ಟಿದೆ, ನೀವು ಯಾರು ಹೇಳುವುದಕ್ಕೆ ಎಂದರು. ಬೋರಣ್ಣ, ಮಳವಳ್ಳಿಯಲ್ಲಿ ನಿಮ್ಮ ಮನೆ ಎಲ್ಲಿ ಎಂದಷ್ಟೇ ಕೇಳಿದರು.

ಮಾರನೆಯ ದಿನ ನಡೆದದ್ದನ್ನು ಟೀಚರೇ ನನಗೆ ಆಮೇಲೆ ಹೇಳಿದರು. ಬೆಳಿಗ್ಗೆ ಹತ್ತಕ್ಕೆ ಬಾಗಿಲು ಕುಟ್ಟುವ ಸದ್ದಾಯಿತಂತೆ. ಕೊಪ್ಪದಿಂದ ಮದ್ದೂರಿಗೆ, ಅಲ್ಲಿಂದ ಮಳವಳ್ಳಿಗೆ ಎರಡು ಬಸ್ಸು ಬದಲಿಸಿ ಬಂದಿದ್ದರು. ಕಾಫಿಯನ್ನೂ ಕುಡಿಯದೆ ಟೀಚರನ್ನು ಕರೆದುಕೊಂಡು ಪೇಟೆಯ ಎರಡು ಪಂಪಿನ ಅಂಗಡಿಗೆ ಹೋದರು. ಎರಡನೆಯದರ ಹಿಂದಿನ ಕೋಣೆಯಲ್ಲಿ ತಾರಸಿ ಮುಟ್ಟುವಷ್ಟು ಡಬ್ಬಗಳು. ಕನ್ನಡಕ ತಂದಿಲ್ಲ, ಡಬ್ಬದ ಮೇಲಿನ ತಾರೀಕು ಓದಿ ಎಂದು ಟೀಚರಿಗೇ ಹೇಳಿದರಂತೆ. ಟೀಚರ್ ಸೆರಗಿನಿಂದ ಧೂಳೊರೆಸಿ ಒಂದೊಂದೇ ಓದಿದರು. ಒಂದೂವರೆ ವರ್ಷದ ಹಿಂದಿನವು, ಎರಡು ವರ್ಷದ ಹಿಂದಿನವು. ಅಂಗಡಿಯವನು ಟೀಚರ ಹಳೆಯ ವಿದ್ಯಾರ್ಥಿ. ಇದರಲ್ಲಿ ಒಂದಕ್ಕೂ ದುಡ್ಡು ಕಟ್ಟಿಲ್ಲ ಮೇಡಂ, ತಗೊಂಡು ಹೋಗಿ ಅಂದರೂ ಹೋಗುತ್ತಿಲ್ಲ ಎಂದನಂತೆ. ಟೀಚರ್ ಅಲ್ಲೇ ಒಂದು ಡಬ್ಬದ ಮೇಲೆ ಸ್ವಲ್ಪ ಹೊತ್ತು ಕೂತುಬಿಟ್ಟರು. ಬೋರಣ್ಣ ಬಾಗಿಲ ಹತ್ತಿರ ನಿಂತು ಕಾದರು.

ಗುರುವಾರದ ಹಿಂದಿನ ದಿನ ಬೋರಣ್ಣ ಬಂದು ಸಾವಿರ ಷೇರು ಕೊಂಡುಬಿಡು ಅಂದರು. ಡಿವಿಡೆಂಡು, ಬಾಡಿಗೆ ಎಲ್ಲ ಸೇರಿ ಲಕ್ಷಕ್ಕೆ ಸ್ವಲ್ಪ ಕಮ್ಮಿ ಹೋಯಿತು. ಷೇರು ಟೀಚರ ಖಾತೆಗೆ ವಾಪಸಾಯಿತು, ಟೀಚರ್ ಮುನ್ನೂರ ಅರವತ್ತಕ್ಕೆ ಅಷ್ಟನ್ನೂ ಮಾರಿದರು. ನಾನೇ ಎರಡನ್ನೂ ಒತ್ತಿದೆ. ಷೇರು ಕೊಂಡ ದಿನವೇ ಸಂಜೆ ಮೆಟ್ಟಿಲ ಹತ್ತಿರ ಬೋರಣ್ಣನನ್ನು ತಡೆದು, ನೀವು ಸುಮ್ಮನಿದ್ದಿದ್ದರೆ ಆಗುತ್ತಿತ್ತಲ್ಲ, ಯಾಕೆ ಹೇಳಿದಿರಿ ಎಂದು ಕೇಳಿದೆ. ಏನೋ ದೊಡ್ಡ ಮಾತು ಹೇಳುತ್ತಾರೆ ಎಂದುಕೊಂಡಿದ್ದೆ.

"ಸುಸ್ತಾಗೈತೆ ಕಣಮ್ಮ," ಎಂದರು. "ಬೆಳಿಗ್ಗೆ ಎದ್ದು, ಇವತ್ತು ಬೀಳ್ತದಾ ಇವತ್ತು ಬೀಳ್ತದಾ ಅಂತ ಕೂರೋದು. ಆಯಮ್ಮ ನನ್ನ ಮುಂದೆ ಕೂತ್ಕಂಡು ಕೊಡ್ಲಾ ಅಂತ ಕೇಳ್ದಾಗ ಊಂ ಅಂದಿದ್ರೆ, ಇನ್ನಾರು ತಿಂಗಳು ಅವರು ಮುಳುಗ್ಲಿ ಅಂತ ಕಾಯ್ತಾ ಕೂತಿರ್ಬೇಕಿತ್ತು. ಆಗಕಿಲ್ಲ ಬುಡು."

ಅವರು ಆಫೀಸಿಗೆ ಬರುವುದು ಕಮ್ಮಿಯಾಯಿತು, ಆಮೇಲೆ ನಿಂತೇ ಹೋಯಿತು.

ನಾಲ್ಕು ತಿಂಗಳ ನಂತರ ಕಂಪನಿ ಬ್ಯಾಂಕಿನ ಕಂತು ಕಟ್ಟಲಿಲ್ಲ ಎಂಬ ಸುದ್ದಿ ಹೊರಬಿತ್ತು. ಮೂರು ದಿನ ಷೇರಿಗೆ ಕೊಳ್ಳುವವರೇ ಇರಲಿಲ್ಲ. ಮುನ್ನೂರು ಇದ್ದದ್ದು ಎಂಬತ್ತಾಯಿತು, ಅರವತ್ತಾಯಿತು, ಕೊನೆಗೆ ಹನ್ನೊಂದಕ್ಕೆ ಬಂದು ನಿಂತಿತು. ಬೆಂಚಿನ ಮೇಲೆ ಅಷ್ಟೂ ಜನ ಸಾವಿನ ಮನೆಯವರ ಹಾಗೆ ಕೂತಿದ್ದರು. ಪುಟ್ಟರಾಜುವೇ ಬೋರಣ್ಣನಿಗೆ ಒಂದು ಫೋನು ಹಾಕಮ್ಮ ಎಂದ. ಹಾಕಿದೆ. ನೀವು ಹೇಳಿದ್ದೇ ಆಯಿತು ಎಂದೆ. ಆ ಕಡೆಯಿಂದ ಹಸು ಕೂಗುವುದು ಕೇಳಿಸಿತು.

"ಊಂ, ಪೇಪರ್ನಲ್ಲಿ ನೋಡ್ದೆ. ನಾನೇಳಿದ್ದು ನಿಜ ಆಯ್ತು ಅಂತ ಯಾರ ಮನೇಲೂ ಅನ್ನ ಬೇಯಕಿಲ್ಲ ಕಣಮ್ಮ. ಪುಟ್ಟರಾಜು ಎಸ್ಟು ಇಟ್ಟಿದ್ದ?"

ಹೇಳಿದೆ. ಅವನಿಗೆ ಒಂದು ಸಲ ಈ ಕಡೆ ಬಂದು ಹೋಗುವುದಕ್ಕೆ ಹೇಳು ಎಂದರು. ಅದೇ ನಾನು ಅವರ ಜೊತೆ ಆಡಿದ ಕಡೆಯ ಮಾತು. ಆ ಚಳಿಗಾಲದಲ್ಲಿ ಕೆಮ್ಮು ಎದೆಗೆ ಇಳಿದು, ಮಂಡ್ಯದ ಆಸ್ಪತ್ರೆಯಲ್ಲಿ ಒಂಬತ್ತು ದಿನ ಇದ್ದು ಹೋದರಂತೆ. ನಮಗೆ ತಿಳಿದದ್ದು ತಿಥಿಯೂ ಮುಗಿದ ಮೇಲೆ.

ಜಯಮ್ಮ ಬಂದದ್ದು ಯುಗಾದಿ ಕಳೆದ ಮೇಲೆ, ಮರಣ ಪ್ರಮಾಣಪತ್ರ ಹಿಡಿದುಕೊಂಡು, ಯಜಮಾನರ ಹೆಸರಿನಲ್ಲಿ ಏನಾದರೂ ಇದೆಯೇ ನೋಡಿ ಎನ್ನುತ್ತಾ. ಅಷ್ಟು ಹೊತ್ತಿಗೆ ಎಲ್ಲರೂ ಮೊಬೈಲಿನಲ್ಲೇ ಕೊಳ್ಳುವ ಮಾರುವ ಕಾಲ ಬಂದಿತ್ತು. ಬೆಂಚು ಖಾಲಿ, ಓನರ್ ಬಾಗಿಲು ಹಾಕುವ ಯೋಚನೆಯಲ್ಲಿದ್ದರು. ಡಿಪಾಸಿಟ್ಟಿನಲ್ಲಿ ನಷ್ಟ ಕಳೆದು ಉಳಿದ ಹಣವನ್ನು ಬೋರಣ್ಣ ಅವತ್ತೇ ಬ್ಯಾಂಕಿಗೆ ಹಾಕಿಸಿಕೊಂಡಿದ್ದರು, ಖಾತೆಯಲ್ಲಿ ಏನೂ ಇರಲಾರದು ಎಂದುಕೊಂಡೇ ತೆರೆದೆ.

ಒಂದು ಷೇರು ಇತ್ತು. ಅದೇ ಪಂಪಿನ ಕಂಪನಿಯದು. ಎರವಲು ತರುವುದಕ್ಕೂ ಒಂದು ವರ್ಷ ಮೊದಲು ಕೊಂಡದ್ದು, ನಮ್ಮಲ್ಲಿ ಅಲ್ಲ, ಬೇರೆ ಕಡೆಯಿಂದ ವರ್ಗಾಯಿಸಿಕೊಂಡದ್ದು. ನಾನು ಒತ್ತಿದ್ದಲ್ಲ, ಅದಕ್ಕೇ ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಒಂದು ಷೇರಿದ್ದರೆ ಕಂಪನಿಯ ವಾರ್ಷಿಕ ವರದಿ ಮನೆಗೆ ಬರುತ್ತದೆ, ಪ್ರಶ್ನೆ ಕೇಳಿ ಕಾಗದ ಬರೆಯುವ ಹಕ್ಕೂ ಇರುತ್ತದೆ. ಜಯಮ್ಮ ಹೇಳಿದರು, ಮೂರು ಸಲ ಬರೆದಿದ್ದರು, ಅಂಗಡಿ ಅಂಗಡಿಯ ಲೆಕ್ಕ ಹಾಕಿ, ಮೋಟರಿನ ತಂತಿ ತೆಳ್ಳಗಾಗಿದೆ, ಸರಿಮಾಡಿ ಎಂದು. ಉತ್ತರ ಬಂದಿರಲಿಲ್ಲ.

ಇದನ್ನು ಮಾರಿಬಿಡಲೇ ಅಥವಾ ನಿಮ್ಮ ಹೆಸರಿಗೆ ಮಾಡಲೇ, ಬಸ್ ಚಾರ್ಜೂ ಹುಟ್ಟುವುದಿಲ್ಲ ಎಂದು ಕೇಳಿದೆ. ಆಕೆ ಪರದೆಯ ಮೇಲಿನ ಆ ಒಂದು ಸಾಲನ್ನು ನೋಡುತ್ತಾ ಕೂತರು. ಓದಲು ಬರುತ್ತಿರಲಿಲ್ಲ. ಯಾವುದು ಅವರ ಹೆಸರು ಎಂದು ಕೇಳಿದರು, ಬೆರಳಿಟ್ಟು ತೋರಿಸಿದೆ.

"ಇರ್ಲಿ ಬುಡವ್ವ," ಎಂದರು. "ಅವರು ಬೇಕು ಅಂತ ಕೊಂಡಿದ್ದು ಇದೊಂದೇ ಅಲ್ವಾ."